ಹಜಾರದ ನೆಲದ ಮೇಲೆ ನಾಲ್ಕು ಕುದುರೆ

ಭಾನುವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಗ್ರಾಂ ಸಾಹೇಬರು ಹಜಾರದ ನೆಲದ ಮೇಲೆ ಮಂಡಿಯೂರಿ ಹೆಂಡತಿಯ ಕಾಲುಚೀಲ ತೂಗುತ್ತಿದ್ದರು. ಎಡಗಾಲಿನದ್ದು ಮೂವತ್ತೊಂದು ಗ್ರಾಂ ಬಂತು. ಬಲಗಾಲಿನದ್ದು ಮೂವತ್ತಮೂರು. ಎರಡನ್ನೂ ಕೆಳಗಿಟ್ಟು, ತಕ್ಕಡಿಯ ತಟ್ಟೆ ಒರೆಸಿ, ಮತ್ತೆ ತೂಗಿದರು.

"ಇದು ಎರಡು ಗ್ರಾಂ ಜಾಸ್ತಿ ಬರ್ತಾ ಇದೆಯಲ್ಲ, ಯಾಕೆ?"

ಅಡುಗೆಮನೆಯ ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದ ಹೆಂಡತಿ, "ಹೆಬ್ಬೆರಳ ಹತ್ರ ತೂತು ಬಿದ್ದಿತ್ತು, ಹೊಲಿದಿದ್ದೀನಿ. ದಾರದ ತೂಕ ಇರ್ಬೇಕು," ಎಂದಳು.

"ಎರಡು ಗ್ರಾಂ ದಾರಾನಾ?"

"ತೂತು ದೊಡ್ಡದಿತ್ತು ರೀ."

ಅವಳು ಲೋಟ ಕೊಡಲು ಮುಂದೆ ಬಂದಳು.

"ಕಾಲು! ಕಾಲು ತೆಗಿ! ಅದು ಕೆಂಚನ ಹೊಟ್ಟೆ!"

ಸೀಮೆಸುಣ್ಣದಲ್ಲಿ ಬರೆದ ನಾಲ್ಕು ಕುದುರೆಗಳು ಮೂರು ವಾರದಿಂದ ಆ ಹಜಾರದಲ್ಲಿ ಮಲಗಿದ್ದವು. ಸಾಹೇಬರ ಚಿತ್ರಕಲೆ ಅಷ್ಟಕ್ಕಷ್ಟೇ. ನಾಲ್ಕು ಉದ್ದನೆಯ ಆಲೂಗಡ್ಡೆ, ಒಂದು ತುದಿಗೆ ಕಿವಿ, ಇನ್ನೊಂದು ತುದಿಗೆ ಬಾಲ. ಮೂರು ಸವಾರಿಯವು, ಒಂದು ಹೊರೆಯದು. ಪ್ರತಿ ಕುದುರೆಯ ಎಡಕ್ಕೂ ಬಲಕ್ಕೂ ಒಂದೊಂದು ಚೌಕ, ಅದು ಹೊರೆಚೀಲ. ಎಡಬಲದ ತೂಕ ಸಮ ಇರದಿದ್ದರೆ ಜೀನು ಒಂದು ಕಡೆಗೆ ಜಾರಿ ಕುದುರೆಯ ಬೆನ್ನು ಉಜ್ಜಿ ಹುಣ್ಣಾಗುತ್ತದೆ ಎನ್ನುವುದು ನಿಜ. ಕುದುರೆ ಸಾಕುವವರು ಎರಡೂ ಚೀಲವನ್ನು ಒಂದೊಂದು ಕೈಯಲ್ಲಿ ಎತ್ತಿ ನೋಡಿ ಈ ಕೆಲಸ ಮುಗಿಸುತ್ತಾರೆ. ಸಾಹೇಬರು ಎಡ ಚೌಕದ ಬೆಂಕಿಪೊಟ್ಟಣವನ್ನು ಬಲ ಚೌಕಕ್ಕಿಟ್ಟು, ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ, ಅರ್ಧದಷ್ಟು ಕಡ್ಡಿಗಳನ್ನು ಮಾತ್ರ ವಾಪಸ್ ಎಡಕ್ಕೆ ಕಳಿಸುತ್ತಿದ್ದರು. ಮನೆಗೆ ಬಂದವರೆಲ್ಲ ಗೋಡೆ ಸವರಿಕೊಂಡು ನಡೆಯಬೇಕಿತ್ತು.

ಅವರು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಮಖಮಲ್ಲು ಹಾಸಿದ ಪೆಟ್ಟಿಗೆಯಲ್ಲಿ ಹಿತ್ತಾಳೆಯ ತೂಕದ ಕಲ್ಲುಗಳನ್ನಿಟ್ಟುಕೊಂಡು ಅಂಗಡಿಯಿಂದ ಅಂಗಡಿಗೆ ಹೋಗುವುದು, ಅವನ್ನು ಚಿಮಟದಲ್ಲಿ ಎತ್ತಿ ವ್ಯಾಪಾರಿಯ ತಕ್ಕಡಿಯ ಮೇಲಿಡುವುದು, ಸರಿ ಬಂದರೆ ತಂತಿ ಕಟ್ಟಿ ಸೀಸದ ಸೀಲು ಒತ್ತುವುದು, ತಪ್ಪು ಬಂದರೆ ಜಪ್ತಿ ಮಾಡುವುದು. ಲಂಚ ಮುಟ್ಟಿದವರಲ್ಲ. ಒಮ್ಮೆ ತಾವು ಬಾಡಿಗೆಗಿದ್ದ ಮನೆಯ ಮಾಲೀಕನ ತಕ್ಕಡಿಯನ್ನೇ ಜಪ್ತಿ ಮಾಡಿ, ಅದೇ ತಿಂಗಳು ಬೇರೆ ಮನೆ ಹುಡುಕಿದ್ದರು. ಸಾಮಾನು ಕಟ್ಟಿದ್ದು ಹೆಂಡತಿ. ಮಾರುಕಟ್ಟೆಯವರು ಗ್ರಾಂ ಸಾಹೇಬರು ಎಂದು ಹೆಸರಿಟ್ಟದ್ದು ಗೌರವದಿಂದಲೇ. ಅವರ ಬೆನ್ನು ತಿರುಗಿದ ಮೇಲೆ ಅದನ್ನು ಹೇಳುವ ಧಾಟಿ ಮಾತ್ರ ಬೇರೆ.

ಪ್ರವಾಸದ ಯೋಜನೆಗೆ ಆರು ವರ್ಷ ತುಂಬಿತ್ತು. ಕಾಡಿನ ದಾರಿಯಲ್ಲಿ ಕುದುರೆಯ ಮೇಲೆ ಎರಡು ದಿನ ಹತ್ತಿದರೆ ಬೆಟ್ಟದ ನೆತ್ತಿಯಲ್ಲಿ ಒಂದು ಸರೋವರ. ಅಲ್ಲಿ ಒಂದು ದಿನ ಡೇರೆ ಹಾಕಿ ಇರುವುದು, ಮತ್ತೆರಡು ದಿನ ಇಳಿಯುವುದು. ಮೊದಲನೆಯ ವರ್ಷ ಕೆಟಲಿನ ಮುಚ್ಚಳ ಭಾರವಾಯಿತೆಂದು ಪ್ರವಾಸ ಮುಂದಕ್ಕೆ ಹೋಯಿತು. ಇನ್ನೊಂದು ವರ್ಷ ಒದ್ದೆ ಡೇರೆ ಒಣ ಡೇರೆಗಿಂತ ಎಷ್ಟು ಹೆಚ್ಚು ತೂಗುತ್ತದೆ ಎಂದು ನೋಡಲು ಅದನ್ನು ಬಚ್ಚಲಲ್ಲಿ ನೆನೆಹಾಕಿದರು. ಮಡಚಿಟ್ಟಲ್ಲೇ ಬೂಷ್ಟು ಹಿಡಿಯಿತು. ಪ್ರತಿ ಸಲವೂ ಕೊನೆಗೆ ಒಂದೇ ಮಾತು: "ತಯಾರಿ ಪೂರ್ತಿ ಆಗಿಲ್ಲ. ಮುಂದಿನ ವರ್ಷ ನೋಡೋಣ." ಸಾಹೇಬರಿಗೆ ಬೇಕಿದ್ದದ್ದು ಪ್ರವಾಸವಲ್ಲ, ಯೋಜನೆ ಎಂದು ಹೆಂಡತಿಗೆ ಮೂರನೆಯ ವರ್ಷವೇ ಹೊಳೆದಿತ್ತು. ಸಾಹೇಬರು ಇದುವರೆಗೆ ಯಾವ ಕುದುರೆಯ ಬೆನ್ನನ್ನೂ ಏರಿದವರಲ್ಲ.

ಅವಳಿಗೆ ಮಾತ್ರ ಪ್ರವಾಸವೇ ಬೇಕಿತ್ತು. ಬೀದಿ ಕೊನೆಯ ಟೈಲರಿಂಗ್ ಅಂಗಡಿ ಅವಳದು. ಎಂಟಡಿ ಅಗಲದ ಕೋಣೆ, ಹೊಲಿಗೆ ಯಂತ್ರ ಗೋಡೆಗೆ ಮುಖ ಮಾಡಿದೆ. ಇಪ್ಪತ್ತು ವರ್ಷದಿಂದ ಸ್ಟೂಲಿನ ಮೇಲೆ ಕೂತು ಆ ಗೋಡೆಯನ್ನೇ ನೋಡಿದ್ದಾಳೆ. ಎಲ್ಲಿ ಸುಣ್ಣ ಉದುರಿದೆ, ಎಲ್ಲಿ ಮೊಳೆಯ ತೂತಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲಳು. ಅವಳ ಆಸೆ ತೀರ ಸಣ್ಣದು: ಮಡಚುವ ಸ್ಟೂಲೊಂದನ್ನು ಸರೋವರದ ದಂಡೆಗೆ ಒಯ್ದು, ಎದುರಿಗೆ ಗೋಡೆಯಿಲ್ಲದ ಕಡೆ ಕೂರಬೇಕು. ಅದಕ್ಕೆಂದು ಆರು ವರ್ಷದ ಹಿಂದೆ ಬೂಟು ಕೊಂಡಿದ್ದಳು. ಚರ್ಮ ಗಡುಸಾಗಬಾರದೆಂದು ರಜೆಯ ದಿನ ಅವನ್ನು ಹಾಕಿಕೊಂಡು ಮನೆಯೊಳಗೇ ಓಡಾಡುತ್ತಿದ್ದಳು. ಆ ಬೂಟಿಗೆ ಮಣ್ಣು ಹೇಗಿರುತ್ತದೆಂದೇ ಗೊತ್ತಿರಲಿಲ್ಲ.

ಸ್ಟೂಲನ್ನು ಸಾಹೇಬರು ಮೊದಲ ವಾರವೇ ಕೆಂಚನ ಪಕ್ಕದಿಂದ ಎತ್ತಿ ಮಂಚದ ಕೆಳಗೆ ತಳ್ಳಿದ್ದರು. "ಒಂದು ಕಿಲೋ ಒಂಬೈನೂರು! ಅಲ್ಲಿ ಕಲ್ಲುಬಂಡೆ ಇರಲ್ವಾ ಕೂತ್ಕೊಳೋಕೆ?"

ಈ ವರ್ಷ ಹೋಗದಿದ್ದರೆ ಇನ್ನು ಇಲ್ಲ ಎನ್ನುವುದೂ ಗೊತ್ತಾಗಿತ್ತು. ಸರೋವರದವರೆಗೆ ಟಾರು ರಸ್ತೆ ಬರುತ್ತಿತ್ತು. ಮಳೆಗಾಲ ಮುಗಿದೊಡನೆ ಕೆಲಸ ಶುರು. ಆಮೇಲೆ ಅಲ್ಲಿ ಬಸ್ಸು ನಿಲ್ಲುವ ಜಾಗ, ಐಸ್‌ಕ್ರೀಂ ಗಾಡಿ. ಕುದುರೆ ಬಾಡಿಗೆಗೆ ಕೊಡುವ ಲಾಯದಾಕೆ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಳು: "ಇದೇ ಕೊನೇ ಸಲ. ಆಮೇಲೆ ಕುದುರೆ ಎಲ್ಲಾ ಮಾರಿ ಹುಲ್ಲು ವ್ಯಾಪಾರ ಮಾತ್ರ ಮಾಡ್ಕೊಂಡಿರ್ತೀನಿ. ಈಗ ನಿಮ್ ತೂಕ ಹೇಳಿ."

ಲಾಯದಾಕೆಯ ನಿಯಮ ಸರಳ. ಕುದುರೆಯ ತೂಕದ ಐದನೇ ಒಂದು ಭಾಗಕ್ಕಿಂತ ಹೆಚ್ಚನ್ನು ಅದರ ಮೇಲೆ ಹೇರುವಂತಿಲ್ಲ. ಸವಾರ, ಜೀನು, ಚೀಲ ಎಲ್ಲ ಅದರಲ್ಲೇ ಬರಬೇಕು. ಸಾಹೇಬರ ಸವಾರಿಗೆ ಗೊತ್ತುಮಾಡಿದ್ದ ಕೆಂಚ ನಾನೂರ ಅರವತ್ತು ಕಿಲೋ. ಅಂದರೆ ತೊಂಬತ್ತೆರಡರ ಮಿತಿ.

"ನನ್ನದು ಎಪ್ಪತ್ತೆಂಟು," ಎಂದರು ಸಾಹೇಬರು, ಅಕ್ಕಪಕ್ಕದ ಮನೆಗೂ ಕೇಳುವ ಹಾಗೆ. ಫೋನಿಟ್ಟು ಲೆಕ್ಕ ಮಾಡಿದರು. ಎಪ್ಪತ್ತೆಂಟು, ಜೀನು ಹನ್ನೊಂದು, ಚೀಲ ಮೂರು. "ತೊಂಬತ್ತೆರಡು! ನೋಡಿದ್ಯಾ, ಒಂದು ಗ್ರಾಂ ಆಚೀಚೆ ಇಲ್ಲ."

ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡು ಗುಂಡಿ ಹೊಲಿಯುತ್ತಿದ್ದ ಹೆಂಡತಿ ಸೂಜಿಯನ್ನು ಬೆರಳಿಗೆ ಚುಚ್ಚಿಕೊಂಡಳು.

ಎಪ್ಪತ್ತೆಂಟು ಸುಳ್ಳಲ್ಲ. ಕೆಲಸಕ್ಕೆ ಸೇರುವಾಗ ವೈದ್ಯಕೀಯ ಪರೀಕ್ಷೆಯಲ್ಲಿ, ಇಲಾಖೆಯ ಸೀಲು ಬಿದ್ದ ತಕ್ಕಡಿಯ ಮೇಲೆ ಬಂದಿದ್ದ ಅಂಕಿ ಅದು. ಆಮೇಲೆ ಅವರು ಯಾವ ತಕ್ಕಡಿಯನ್ನೂ ಹತ್ತಲಿಲ್ಲ. ಮನೆಯಲ್ಲಿ ಮೈತೂಕ ನೋಡಿಕೊಳ್ಳುವ ತಕ್ಕಡಿಗಳನ್ನು ಇಲಾಖೆ ಪರೀಕ್ಷಿಸುವುದಿಲ್ಲವಾದ್ದರಿಂದ ಅವು ತಕ್ಕಡಿಗಳಲ್ಲ, ಆಟಿಕೆಗಳು. ಡಾಕ್ಟರ ಕೋಣೆಯಲ್ಲಿದ್ದದ್ದರ ಸೀಲಿನ ಅವಧಿ ಮುಗಿದಿತ್ತು. ಹತ್ತುವ ಬದಲು ಡಾಕ್ಟರಿಗೇ ನೋಟಿಸ್ ಕೊಟ್ಟು ಬಂದರು. ಪ್ರಮಾಣೀಕರಿಸಿದ ತೂಕ ಒಂದು ಕೈಯಲ್ಲಿದೆ, ಅದನ್ನು ತಪ್ಪೆಂದು ತೋರಿಸುವ ಪ್ರಮಾಣೀಕರಿಸಿದ ತೂಕ ಇನ್ನೊಂದಿಲ್ಲ. ಹಾಗಾಗಿ ಮೊದಲನೆಯದು ಜಾರಿಯಲ್ಲಿತ್ತು.

ಜೊತೆಗೆ ಪ್ಯಾಂಟುಗಳ ಸಾಕ್ಷ್ಯವೂ ಇತ್ತು. "ಕೆಲಸಕ್ಕೆ ಸೇರಿದಾಗ ಸೊಂಟ ಮೂವತ್ತನಾಲ್ಕು, ಇವತ್ತಿಗೂ ಮೂವತ್ತನಾಲ್ಕು," ಎಂದು ಅವರು ಕಚೇರಿಯಲ್ಲಿ ಹೊಟ್ಟೆ ತಟ್ಟಿಕೊಂಡು ಹೇಳುವುದಿತ್ತು. ತಟ್ಟಿದ್ದಕ್ಕೆ ಹೊಟ್ಟೆ ಸ್ವಲ್ಪ ಹೊತ್ತು ಅಲುಗುತ್ತಿತ್ತು.

ಆ ಸಾಕ್ಷ್ಯ ಹೆಂಡತಿಯ ಕೈಕೆಲಸ. ಹನ್ನೊಂದು ವರ್ಷದ ಹಿಂದೆ ಬಡ್ತಿ ಕೈತಪ್ಪಿದ ಸಂಜೆ ಮನೆಗೆ ಬಂದವರು ಕುರ್ಚಿಯಲ್ಲಿ ಕೂತೊಡನೆ ಪ್ಯಾಂಟಿನ ಗುಂಡಿ ಕಿತ್ತು ನೆಲದ ಮೇಲೆ ಉರುಳಿತು. ಗುಂಡಿಯನ್ನು ಹುಡುಕಲೂ ಏಳದೆ ಅವರು ಕೂತಲ್ಲೇ ಮುಖ ಮುಚ್ಚಿಕೊಂಡರು. ಅವಳು ಗುಂಡಿ ಹೊಲಿದು, ಹಿಂದಿನ ಹೊಲಿಗೆ ಬಿಚ್ಚಿ, ಒಳಗೆ ಉಳಿಸಿದ್ದ ಬಟ್ಟೆಯಿಂದ ಅರ್ಧ ಅಂಗುಲ ಬಿಟ್ಟು ಹೊಲಿದು, ಇಸ್ತ್ರಿ ಮಾಡಿ ತೂಗುಹಾಕಿದಳು. ಮರುದಿನ ಅದನ್ನು ಹಾಕಿಕೊಂಡವರು, "ನೋಡು, ಇಳಿದಿದ್ದೀನಿ," ಎಂದು ನಕ್ಕರು. ಆ ನಗು ನೋಡಿ ಅವಳು ಸುಮ್ಮನಾದಳು. ಅಂದಿನಿಂದ ಅರ್ಧರ್ಧ ಅಂಗುಲವಾಗಿ ಸುಮ್ಮನಾಗುತ್ತಲೇ ಬಂದಿದ್ದಳು. ಹೊಸ ಪ್ಯಾಂಟಿಗೆ ಅಳತೆ ಕೊಡಲು ಬಂದರೆ, "ನಿಮ್ಮ ಅಳತೆ ನಂಗೊತ್ತಿಲ್ವಾ," ಎಂದು ಕಳಿಸಿಬಿಡುವಳು.

ಈಗ ಹೇಳಿದರೆ ಯೋಜನೆ ಕುಸಿಯುತ್ತದೆ, ಮುಂದಿನ ವರ್ಷ ಎನ್ನುತ್ತಾರೆ. ಹೇಳದಿದ್ದರೆ ಪಾಪದ ಕೆಂಚ. ಅವಳು ಸುತ್ತಿಬಳಸಿ ಹೇಳಿ ನೋಡಿದಳು. "ರೀ, ಎಲ್ಲಾ ತೂಗಿದ್ದೀರಿ. ನೀವೂ ಒಂದ್ಸಲ ನಿಂತು ನೋಡ್ಬಾರ್ದಾ?"

"ಯಾವುದರ ಮೇಲೆ? ಆಟಿಕೆ ಮೇಲಾ?"

ಅವಳ ತಮ್ಮ ಡ್ರೈವಿಂಗ್ ಶಾಲೆ ನಡೆಸುವವನು, ಪ್ರವಾಸಕ್ಕೆ ಮೂರನೆಯ ಸವಾರ. ಆ ಭಾನುವಾರ ತನ್ನ ಸಾಮಾನು ತೂಗಿಸಲು ಬಂದವನು ಬೂದಿ ಬಣ್ಣದ ಕುದುರೆಯ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಭಾವ, ನನ್ನ ದಿಂಬು ಎಲ್ಲಿ?"

"ದಿಂಬು ಯಾಕೆ? ಬಟ್ಟೆ ಮಡಚಿ ತಲೆ ಕೆಳಗಿಟ್ಕೋ."

"ಬಟ್ಟೆನೂ ನೀವೇ ತೆಗ್ದಿದ್ದೀರಲ್ಲ."

"ಹಾಗಾದ್ರೆ ಎರಡು ಕಿಲೋ ಇಳಿಸ್ಕೋ. ಹೊಟ್ಟೆ ನೋಡು ಹೇಗಿದೆ. ಕುದುರೆಗೂ ಜೀವ ಇದೆಯಪ್ಪಾ." ಹಾಗೆನ್ನುತ್ತ ಸಾಹೇಬರು ಮೂರನೆಯ ಬ್ರೆಡ್ಡಿಗೆ ಬೆಣ್ಣೆ ಸವರಿದರು. ಅವನು ಅಕ್ಕನ ಮುಖ ನೋಡಿದ. ಅಕ್ಕ ಕಿಟಕಿ ನೋಡಿದಳು.

ಮಧ್ಯಾಹ್ನ ಮೂವರೂ ಲಾಯಕ್ಕೆ ಹೊರಟರು. ಹೊರಡುವುದು ಬುಧವಾರ, ಅದಕ್ಕೆ ಮೊದಲು ಜೀನು ಕಟ್ಟಿ, ಹೊರೆ ಹೇರಿ ನೋಡಬೇಕು. ತಮ್ಮನ ಕಲಿಕೆಯ ಕಾರಿನಲ್ಲಿ ಪಕ್ಕದ ಸೀಟಿಗೂ ಬ್ರೇಕು. ಅಲ್ಲಿ ಕೂತ ಸಾಹೇಬರು ಪ್ರತಿ ತಿರುವಿನಲ್ಲೂ ಅದನ್ನು ಒತ್ತಿದ್ದರಿಂದ ಅರ್ಧ ಗಂಟೆಯ ದಾರಿ ಮುಕ್ಕಾಲು ಗಂಟೆಯಾಯಿತು. ಹಿಂದಿನ ಸೀಟಿನಲ್ಲಿ ಅವಳ ಪಕ್ಕ ಇಪ್ಪತ್ತು ಕಿಲೋದ ಕಬ್ಬಿಣದ ತೂಕದ ಕಲ್ಲು ಕೂತಿತ್ತು. ಅದಕ್ಕೆ ಸೀಟ್ ಬೆಲ್ಟ್ ಹಾಕಿದ್ದರು.

ಲಾಯದಾಕೆ ಗಿಡ್ಡಗಿನ ಹೆಂಗಸು. ದನಿ ಮಾತ್ರ ಎರಡು ಹೊಲದಾಚೆ ಕೇಳುವಂಥದ್ದು. ಗೇಟಿನ ಪಕ್ಕದಲ್ಲೇ ಅವಳ ನೆಲತಕ್ಕಡಿ. ಹುಲ್ಲಿನ ಹೊರೆಯನ್ನೂ ಜಾನುವಾರನ್ನೂ ನಿಲ್ಲಿಸಿ ತೂಗುವ, ಬಾಗಿಲಿನಷ್ಟು ಅಗಲದ ಉಕ್ಕಿನ ಹಲಗೆ.

"ಮೊದ್ಲು ಇಲ್ಲಿಗೆ ಬನ್ನಿ," ಎಂದಳು ಲಾಯದಾಕೆ. "ನಾನು ಬಾಯಿಮಾತಿನ ತೂಕ ನಂಬಲ್ಲ."

ಹೆಂಡತಿ ಕೊರಳಲ್ಲೇ ಉಳಿದಿದ್ದ ಅಳತೆ ಟೇಪಿನ ತುದಿ ಹಿಡಿದು ಸುತ್ತತೊಡಗಿದಳು. ಸಾಹೇಬರು ಮಾತ್ರ ಅರಳಿದರು. "ಹಾಗಿರಬೇಕು ನೋಡಮ್ಮ! ಎಲ್ಲರೂ ನಿನ್ನ ಹಾಗಿದ್ರೆ ನಮ್ಮ ಇಲಾಖೆ ಬೇಕಾಗಿರಲಿಲ್ಲ." ಬಗ್ಗಿ ಸೀಲು ನೋಡಿದರು. "ನಂದೇ ಸೀಲು. ಹೋದ ತಿಂಗಳು ಬಂದು ನಾನೇ ಹಾಕಿದ್ದು." ಕಾರಿನಿಂದ ಪೆಟ್ಟಿಗೆಯನ್ನೂ ಕಬ್ಬಿಣದ ಕಲ್ಲನ್ನೂ ತರಿಸಿ, ಕಲ್ಲನ್ನು ಹಲಗೆಯ ಮೇಲಿಟ್ಟರು. ಇಪ್ಪತ್ತು. ನಾಲ್ಕು ಮೂಲೆಗೂ ಇಟ್ಟು ನೋಡಿದರು. ಇಪ್ಪತ್ತು, ಇಪ್ಪತ್ತು, ಇಪ್ಪತ್ತು, ಇಪ್ಪತ್ತು. "ಈ ತಕ್ಕಡಿ ಸುಳ್ಳು ಹೇಳೋದಿಲ್ಲ," ಎಂದು ಮೈದುನನಿಗೆ ಪಾಠ ಹೇಳಿದರು.

ಕೆಂಚನನ್ನು ಹತ್ತಿಸಿದರು. ನಾನೂರ ಅರವತ್ತು. ಜೀನು, ಚೀಲ ಸೇರಿ ನಾನೂರ ಎಪ್ಪತ್ತನಾಲ್ಕು. ಸಾಹೇಬರು ತಲೆದೂಗಿದರು. ಆಮೇಲೆ ಏರುಮಣೆಯ ಮೇಲೆ ನಿಂತು, ಜೀನು ಹಿಡಿದು, ಒಂದು ಕಾಲು ಎತ್ತಿ, ಇಳಿಸಿ, ಮತ್ತೆ ಎತ್ತಿ, ಮೈದುನ ಹಿಂದಿನಿಂದ ಹೆಗಲು ಕೊಟ್ಟ ಮೇಲೆ, ಜೀವನದಲ್ಲಿ ಮೊದಲ ಸಲ ಕುದುರೆಯ ಮೇಲೆ ಕೂತರು. ಕೆಂಚ ಕಾಲು ಅಗಲಿಸಿ ನಿಂತು ಒಂದು ನಿಟ್ಟುಸಿರು ಬಿಟ್ಟಿತು.

ಐನೂರ ಐವತ್ತೆರಡು ತೋರಿಸಬೇಕಿದ್ದ ತಕ್ಕಡಿ ಐನೂರ ಎಪ್ಪತ್ತೊಂದು ತೋರಿಸಿತು.

"ಕುದುರೆ ಉಸಿರು ಎಳ್ಕೊಂಡಿದೆ," ಎಂದರು ಸಾಹೇಬರು ಮೇಲಿನಿಂದ.

"ಉಸಿರು ಹತ್ತೊಂಬತ್ತು ಕಿಲೋ ಇರುತ್ತಾ ಸಾಹೇಬ್ರೇ?"

"ಸ್ವಲ್ಪ ತಾಳಮ್ಮ. ಸ್ಥಿರ ಆಗಲಿ."

ಎಲ್ಲರೂ ತಾಳಿದರು. ಕೆಂಚ ಬಾಲವೆತ್ತಿ ಲದ್ದಿ ಹಾಕಿತು. ಲಾಯದಾಕೆ ಸಲಿಕೆಯಲ್ಲಿ ಅದನ್ನು ಆಚೆ ಎಳೆದಳು. ಐನೂರ ಅರವತ್ತೊಂಬತ್ತು.

"ನೋಡಿದ್ರಾ! ಇಳೀತು!"

"ಇನ್ನು ಹದಿನೇಳು ಇಳಿಸೋದು ಅದರ ಕೈಲೂ ಆಗಲ್ಲ, ನನ್ನ ಸಲಿಕೆ ಕೈಲೂ ಆಗಲ್ಲ. ನೀವೇ ಇಳೀರಿ," ಎಂದಳು ಲಾಯದಾಕೆ.

ಸಾಹೇಬರು ಇಳಿದು ಒಬ್ಬರೇ ಹಲಗೆಯ ಮೇಲೆ ನಿಂತರು. ತೊಂಬತ್ತೇಳು. ಬೂಟು ಕಳಚಿದರು. ತೊಂಬತ್ತಾರು. ಪಕ್ಕದಲ್ಲಿ ಕಬ್ಬಿಣದ ಕಲ್ಲು ಇಡಿಸಿದರು. ನೂರ ಹದಿನಾರು. ಅವರ ಕಿವಿ ಕೆಂಪಗಾಯಿತು. ಬಗ್ಗಿ ಪೆಟ್ಟಿಗೆಯಿಂದ ಇಕ್ಕಳ ತೆಗೆದರು. ಅದು ಸೀಲು ಕತ್ತರಿಸುವ ಇಕ್ಕಳ ಎಂದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು.

"ಭಾರ ಜಾಸ್ತಿ ಆದ್ರೆ ತಪ್ಪು ತೋರಿಸ್ತಿದೆ. ಈ ತಕ್ಕಡಿ ವಜಾ."

ಲಾಯದಾಕೆಯ ದನಿ ಮೊದಲ ಬಾರಿಗೆ ತಗ್ಗಿತು. "ಸಾಹೇಬ್ರೇ, ಸೀಲಿಲ್ದೆ ಹುಲ್ಲು ಮಾರೋಕಾಗಲ್ಲ. ಇದು ಸುಗ್ಗಿ ಕಾಲ."

"ಕಾನೂನು ಕಾನೂನು. ಇದನ್ನ ಬಿಚ್ಚಿ ನೋಡದೆ ಪ್ರವಾಸಾನೂ ಇಲ್ಲ. ತಯಾರಿ ಪೂರ್ತಿ ಆಗಿಲ್ಲ. ಮುಂದಿನ ವರ್ಷ..."

"ಕೈ ಎತ್ತಿ," ಎಂದಳು ಹೆಂಡತಿ.

ಗಿರಾಕಿಗಳಿಗೆ ದಿನವಿಡೀ ಹೇಳುವ ಮಾತು. ಕೇಳಿದವರ ಕೈ ತಾನಾಗಿ ಏಳುತ್ತದೆ. ಸಾಹೇಬರ ಕೈಯೂ ಎದ್ದಿತು, ಇಕ್ಕಳ ಸಮೇತ. ಅವಳು ಕೊರಳಿನ ಟೇಪು ತೆಗೆದು ಅವರ ಸೊಂಟ ಬಳಸಿ ಮುಂದೆ ತಂದು ಹಿಡಿದಳು.

"ನಲವತ್ತೆರಡು."

"ಆ ಟೇಪು ಎಳೆದು ಎಳೆದು..."

"ಹೋದ ವರ್ಷ ನೀವೇ ಪರೀಕ್ಷೆ ಮಾಡಿ ಸರಿ ಇದೆ ಅಂದ ಟೇಪು ರೀ ಇದು. ಆ ತಕ್ಕಡಿನೂ ಸರಿ ಇದೆ. ಸರಿ ಇಲ್ದೇ ಇರೋದು ನಿಮ್ಮ ಪ್ಯಾಂಟು. ಹನ್ನೊಂದು ವರ್ಷದಿಂದ ನಾನೇ ಬಿಚ್ಚಿ ಬಿಚ್ಚಿ ಹೊಲೀತಿದ್ದೀನಿ. ಆವತ್ತು ನಿಮ್ಮ ಮುಖ ನೋಡೋಕಾಗದೆ ಶುರು ಮಾಡಿದ್ದು. ನಿಲ್ಸೋಕೆ ಆಗ್ಲಿಲ್ಲ."

ಮೈದುನ ಕಾರಿನ ಚಕ್ರ ನೋಡತೊಡಗಿದ.

"ಅದು ನನ್ನ ತಪ್ಪು," ಎಂದಳು ಅವಳು. "ಅದಕ್ಕೆ ಇವರ ತಕ್ಕಡಿ ಯಾಕೆ ಕೀಳ್ತೀರಿ? ಕೀಳೋದಾದ್ರೆ ಕೀಳಿ. ಬುಧವಾರ ನಾನಂತೂ ಹೊರಡ್ತೀನಿ. ನೀವು ಹಜಾರದ ಕುದುರೆ ನೋಡ್ಕೊಂಡಿರಿ."

ಸಾಹೇಬರು ಬೆಲ್ಟು ಸಡಿಲಿಸಿ, ಕುತ್ತಿಗೆ ತಿರುಗಿಸಿ, ಪ್ಯಾಂಟಿನ ಹಿಂಬದಿಯ ಪಟ್ಟಿಯನ್ನು ಹೊರಳಿಸಿ ನೋಡಿದರು. ಒಂದರ ಪಕ್ಕ ಒಂದು, ಹಳೆಯ ಹೊಲಿಗೆಗಳ ಸೂಜಿತೂತಿನ ಗೆರೆಗಳು ಅಲ್ಲಿದ್ದವು. ಅವರು ಅವನ್ನು ಎಣಿಸಿದರೆಂದು ಬೇರೆ ಹೇಳಬೇಕಿಲ್ಲ. ಎಣಿಸಿ ಮುಗಿದ ಮೇಲೆ ಇಕ್ಕಳ ಪೆಟ್ಟಿಗೆಗೆ ಹೋಯಿತು.

"ಹೊಲಿಗೆ ನೇರವಾಗಿದೆ," ಎಂದರು, ಯಾರಿಗೂ ಅಲ್ಲದ ಹಾಗೆ.

ಲಾಯದಾಕೆಯ ದನಿ ವಾಪಸ್ ಬಂತು. "ಹೊರೆ ಕುದುರೆ ಹಗ್ಗ ಹಿಡ್ಕೊಂಡು ನಡೆಯೋಕೆ ಒಬ್ರು ಬೇಕೇ ಬೇಕು. ನಡೆಯೋಕೆ ಬರುತ್ತಾ ಸಾಹೇಬ್ರೇ?"

"ಅದಕ್ಕೆ ಮಿತಿ ಏನಾದ್ರೂ ಇದೆಯಾ?"

"ಭೂಮಿಗಾ? ಅದು ಹೊರುತ್ತೆ ಬಿಡಿ."

ಮೈದುನ ನಗು ತಡೆಯಲಾರದೆ ಕೆಮ್ಮಿದ. ಸಾಹೇಬರು ಹೆಂಡತಿಯ ಮುಖ ನೋಡಿದರು. ಅವಳು ಟೇಪು ಸುತ್ತುತ್ತಿದ್ದಳು. ಬೇಡ ಎನ್ನಲಿಲ್ಲ, ಬನ್ನಿ ಎಂದೂ ಕರೆಯಲಿಲ್ಲ. ಸಾಹೇಬರ ಮುಖದಲ್ಲಿ ಮೆಲ್ಲಗೆ ಹಳೆಯ ಕಳೆ ಮೂಡಿತು.

"ಹಾಗಾದ್ರೆ... ಕೆಂಚನ ಮೇಲೆ ಎಪ್ಪತ್ತೆಂಟು ಕಿಲೋ ಜಾಗ ಖಾಲಿ ಆಯ್ತು!"

"ಎಷ್ಟು?" ಎಂದು ಲಾಯದಾಕೆ ಕೇಳಿದಳು. ಆಮೇಲೆ ಅವಳು ನಕ್ಕದ್ದಕ್ಕೆ ಲಾಯದೊಳಗಿನ ಕುದುರೆಗಳೂ ಕೆನೆದವು.

ಆ ಸಂಜೆ ಹಜಾರದ ನೆಲ ಒರೆಸಿ ಸಾಹೇಬರು ಹೊಸದಾಗಿ ಕುದುರೆ ಬರೆದರು. ಕೆಂಚನ ಬೆನ್ನು ಈ ಸಲ ಹೊರೆಗೆ. ಮೈದುನನ ದಿಂಬು ವಾಪಸ್ ಬಂತು, ಕೆಟಲಿನ ಮುಚ್ಚಳ ಬಂತು. ಹೆಂಡತಿ ಬಾಯಿ ತೆರೆಯುವ ಮೊದಲೇ ಮಂಚದ ಕೆಳಗೆ ತೂರಿ ಮಡಚುವ ಸ್ಟೂಲು ತಂದು ಎಡ ಚೌಕದಲ್ಲಿಟ್ಟರು. ಅದಕ್ಕೆ ಸಮನಾಗಿ ಬಲ ಚೌಕಕ್ಕೆ ಏನಿಡುವುದೆಂದು ಊಟದವರೆಗೆ ಯೋಚಿಸಿ, ಕೊನೆಗೆ ಇನ್ನೊಂದು ಸ್ಟೂಲು ಕೊಂಡು ತಂದರು.

ಬುಧವಾರ ಹೊರಟರು; ದಾರಿ ತೋರಿಸಲು ಲಾಯದಾಕೆಯೂ ಕೆಂಚನ ಹಗ್ಗ ಹಿಡಿದು ಮುಂದೆ ನಡೆದಳು. ಎರಡನೆಯ ದಿನ ಮಧ್ಯಾಹ್ನ ಅವಳು ಕುದುರೆಯಿಂದಿಳಿದು, ಕೆಸರು ಮೆತ್ತಿದ ಬೂಟಿನಲ್ಲಿ ದಂಡೆಯವರೆಗೆ ನಡೆದು, ಸ್ಟೂಲು ಬಿಡಿಸಿ ಕೂತಳು. ಎದುರಿಗೆ ನೀರು, ನೀರಿನಾಚೆ ಬೆಟ್ಟ, ಬೆಟ್ಟದಾಚೆಗೆ ಏನೂ ಇಲ್ಲ. ಮುಕ್ಕಾಲು ಗಂಟೆಯ ಮೇಲೆ ಸಾಹೇಬರು ಹೊರೆ ಕುದುರೆಯ ಹಗ್ಗ ಹಿಡಿದು ಏದುಸಿರು ಬಿಡುತ್ತ ಬಂದರು. ಪ್ಯಾಂಟು ಸ್ವಲ್ಪ ಜಾರುತ್ತಿತ್ತು. ಎಡಗೈಯಲ್ಲಿ ಅದನ್ನು ಹಿಡಿದುಕೊಂಡಿದ್ದರು. ಎರಡನೆಯ ಸ್ಟೂಲು ಬಿಡಿಸಿ, ಅದು ತಡೆಯುತ್ತದೋ ಎಂದು ಒತ್ತಿ ನೋಡಿ, ಅವಳ ಪಕ್ಕ ಕೂತರು.

"ಊರಿಗೆ ಹೋದ್ಮೇಲೆ ಇದನ್ನ ಸ್ವಲ್ಪ ಹಿಡೀಬೇಕು," ಎಂದರು.

"ಅಳತೆ ತಗೊಂಡೇ ಹಿಡೀತೀನಿ," ಎಂದಳು ಅವಳು, ನೀರಿನಿಂದ ಕಣ್ಣು ತೆಗೆಯದೆ.

ಹೊರೆಯೂ ಇಳಿದು ಹಗುರಾಗಿದ್ದ ಕೆಂಚ ಅಷ್ಟರಲ್ಲಿ ಹಗ್ಗ ಬಿಡಿಸಿಕೊಂಡು ಸರೋವರದ ನೀರಿಗಿಳಿದಿತ್ತು. ಭಾನುವಾರದಿಂದ ಲಾಯದಾಕೆ ಅದನ್ನು ಹಳೆಯ ಹೆಸರಿನಿಂದ ಕರೆಯುತ್ತಿರಲಿಲ್ಲ. ಅವಳು ದಂಡೆಯ ಮೇಲೆ ನಿಂತು ಎರಡು ಬೆಟ್ಟದಾಚೆಗೆ ಕೇಳುವಂತೆ ಹೊಸ ಹೆಸರು ಹಿಡಿದು ಕೂಗಿದಳು; ನೀರಿನಲ್ಲಿ ಕುದುರೆ, ಸ್ಟೂಲಿನ ಮೇಲೆ ಸಾಹೇಬರು, ಇಬ್ಬರೂ ಒಟ್ಟಿಗೆ ತಲೆಯೆತ್ತಿದರು.

"ಏಯ್, ಎಪ್ಪತ್ತೆಂಟು!"